ಕೊಡದಮ್ಮನ ಬಳಿ ಕಡ ತಂದ ಕಲ್ಲು

2025ರ ಫೆಬ್ರವರಿ 9, ಭಾನುವಾರ. ಕುವೈತಿನಲ್ಲಿ ಭಾನುವಾರವೆಂದರೆ ವಾರದ ಮೊದಲ ಕೆಲಸದ ದಿನ; ಊರಿನ ಸೋಮವಾರದ ರಗಳೆಯೆಲ್ಲ ಇಲ್ಲಿ ಅಂದೇ. ಬೆಳಿಗ್ಗೆ ಎಂಟೂವರೆಗೆ ಶುವೈಖ್ ಬಂದರಿನ ಹಿಂದಿರುವ ಠಾಣೆಗೆ ಒಂದು ದೂರು ಬಂತು. ಕೊಟ್ಟವಳು ಡಾಕ್ಟರ್ ರೀಮಾ, ಜೋರ್ಡಾನಿನವಳು, ಹಳೆಯ ಮೊಸಾಯಿಕ್ ನೆಲಗಳನ್ನು ಕಾಪಾಡುವ ತಜ್ಞೆ. ಹತ್ತಿರದಲ್ಲೇ ಒಂದು ಹಳೆಯ ಗೋದಾಮನ್ನು ಚೊಕ್ಕಟ ಮಾಡಿ ಪ್ರದರ್ಶನ ಏರ್ಪಡಿಸಿದ್ದರು. ಅದರಲ್ಲಿ ಸಾವಿರದ ನಾನೂರು ವರ್ಷ ಹಳೆಯ ಯಾತ್ರಾ ಚರ್ಚೊಂದರ ನೆಲದ ಚಿತ್ತಾರವಿತ್ತು. ಆ ಚಿತ್ತಾರದಿಂದ ಕಡಲೆಕಾಳಿನ ಗಾತ್ರದ ಒಂದು ಕಲ್ಲು ಕಾಣೆಯಾಗಿದೆ, ಕಲ್ಲಿದ್ದ ಜಾಗದಲ್ಲಿ ಯಾರೋ ಒಂದು ಹಳದಿ ಗಂಟು ಇಟ್ಟುಹೋಗಿದ್ದಾರೆ. ದೂರು ಇಷ್ಟೆ.

ಒಂದು ಕಲ್ಲು ಹೋಯಿತೆಂದಾಗ ಬರೆದುಕೊಳ್ಳುತ್ತಿದ್ದ ಪೇದೆ ನಕ್ಕುಬಿಟ್ಟಿದ್ದ. ಹಳದಿ ಗಂಟೆಂದ ಕೂಡಲೇ ನಗು ಇಂಗಿತು. ಎದ್ದು ಒಳಗೆ ಹೋಗಿ ಕ್ಯಾಪ್ಟನ್ ಮಿಶಾರಿಯನ್ನು ಕರೆತಂದ. ಈ ದೇಶದಲ್ಲಿ ಕಳ್ಳತನಕ್ಕಾದರೂ ಕ್ಷಮೆಯುಂಟು, ಮಾಟಕ್ಕೆ ಇಲ್ಲ. ಗಂಟು ಕಟ್ಟಿಟ್ಟು ಹೋಗುವುದೆಂದರೆ ಅವರ ಲೆಕ್ಕದಲ್ಲಿ ಮಾಟವೇ.

ಊರಲ್ಲಿ ಎಫ್‌ಐಆರ್ ಎನ್ನುವುದಕ್ಕೆ ಇಲ್ಲಿ ಖದಿಯಾ ಎನ್ನುತ್ತಾರೆ. ಖದಿಯಾಕ್ಕೆ ನಂಬರು ಬಿದ್ದರೆ ಖಲಾಸ್, ಯಾರದಾದರೂ ತಲೆಯ ಮೇಲೆ ಅದು ಇಳಿಯಲೇಬೇಕು. ಅಂದು ಮಧ್ಯಾಹ್ನದೊಳಗೆ ಅದು ಅಲೀಮಮ್ಮ ಎಂಬ ಕೆಲಸದಾಕೆಯ ತಲೆಯ ಮೇಲೆ ಇಳಿಯಿತು.

ರೋಹಿದಾಸನಿಗೆ ಫೋನು ಬಂದಾಗ ಅವನು ಮೈದಾನ್ ಹವಲ್ಲಿಯ ತನ್ನ ಟೈಪಿಂಗ್ ಅಂಗಡಿಯಲ್ಲಿ ಕೂತು ಯಾವನೋ ಡ್ರೈವರನ ಇಕಾಮಾ, ಅಂದರೆ ವಾಸದ ಪರವಾನಗಿಯ, ಅರ್ಜಿ ತುಂಬಿಸುತ್ತಿದ್ದ. ಮೂಲ್ಕಿ ಕಡೆಯವನು. ಕುವೈತಿಗೆ ಬಂದಾಗ ತಲೆತುಂಬ ಕೂದಲಿತ್ತು, ಈಗ ಅದರ ನೆನಪು ಮಾತ್ರ ಉಂಟು. ತುಳು ಮನೆಮಾತು, ಕನ್ನಡ, ಕೊಂಕಣಿ, ಬ್ಯಾರಿ ಊರು ಕಲಿಸಿದ್ದು, ಹಿಂದಿ, ಅರಬ್ಬಿ ಹೊಟ್ಟೆಪಾಡು ಕಲಿಸಿದ್ದು. ನಮ್ಮ ಕಡೆಯವರು ಯಾರಾದರೂ ಠಾಣೆಯಲ್ಲಿ ಸಿಕ್ಕಿಬಿದ್ದರೆ ಕ್ಯಾಪ್ಟನ್ ಮಿಶಾರಿ ದುಭಾಷಿಯಾಗಿ ಕರೆಯುವುದು ಅವನನ್ನೇ. ಅರಬರ ಪದ್ಧತಿಯಂತೆ ಮಗನ ಹೆಸರು ಹಿಡಿದು ‘ಅಬು ತಿಲಕ್’, ಅಂದರೆ ತಿಲಕನ ಅಪ್ಪ, ಎಂದು ಕರೆಯುತ್ತಿದ್ದ.

ರೋಹಿದಾಸನದೊಂದು ನೇಮವಿತ್ತು. ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ. ತನ್ನದೊಂದು ಹರಳು ಉಪ್ಪೂ ಬೆರೆಸುವುದಿಲ್ಲ. “ನಾನು ಪೈಪು ಮಾರಾಯ್ತಿ, ನೀರು ನನ್ನದಲ್ಲ” ಎಂದು ಹೆಂಡತಿ ಪುಷ್ಪಾವತಿಗೆ ಹೇಳುತ್ತಿದ್ದ. “ಪೈಪಿಗೂ ತುಕ್ಕು ಹಿಡೀತದೆ, ಜಾಗ್ರತೆ” ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು.

ಎರಡು ಗಂಟೆಗೆ ಠಾಣೆಯ ಒಳಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಪ್ರದರ್ಶನದ ಸಭಾಂಗಣ ಗುಡಿಸಿ ಒರೆಸುವ ಅಲೀಮಮ್ಮ ನೀಲಿ ಸಮವಸ್ತ್ರದ ಮೇಲೆ ಕಪ್ಪು ಶಾಲು ಹೊದ್ದು ಕೂತಿದ್ದಳು. ಉಳ್ಳಾಲದ ಬ್ಯಾರಿ ಹೆಂಗಸು. ಗಂಡ ತೀರಿಹೋದ ಮೇಲೆ ಮನೆಯ ಒಲೆ ಉರಿಯುತ್ತಿದ್ದುದು ಇವಳು ಇಲ್ಲಿಂದ ಕಳಿಸುವುದರಲ್ಲೇ. ರೋಹಿದಾಸನನ್ನು ನೋಡಿದ್ದೇ ಅವಳ ಕಣ್ಣು ತುಂಬಿತು. ಬೇರೆ ಕಡೆ ತಿರುಗಿ ಶಾಲಿನಿಂದ ಒರೆಸಿಕೊಂಡಳು.

“ಶನಿವಾರ ಸಂಜೆ ಐದಕ್ಕೆ ಕಸದ ಗಾಡಿಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದ್ದು ಯಾಕೆ?” ಕ್ಯಾಪ್ಟನ್ ಕೇಳಿದ. ರೋಹಿದಾಸ ದಾಟಿಸಿದ.

“ನೆಲ ಒರೆಸ್ತಾ ಇದ್ದೆ.”

“ಒರೆಸಲಿಲ್ಲ. ಗಾಡಿಯ ಅಂಚಿನಲ್ಲಿ ನೀನು ಕಾಣಿಸುತ್ತಿದ್ದೆ, ಗೋಡೆಗೆ ಮುಖ ಮಾಡಿ ನಿಂತಿದ್ದೆ. ಯಾಕೆ?”

“ಸುಸ್ತಾಯ್ತು.”

“ನಿನ್ನ ಬೆನ್ನ ಹಿಂದೆ ಯಾರಿದ್ದರು?”

ಅಲೀಮಮ್ಮ ಶಾಲನ್ನು ಹಣೆಗೆ ಎಳೆದುಕೊಂಡಳು.

“ಗಂಟು ಕಟ್ಟಿದ್ದು ನೀನಾ?”

ಅವಳು ಕುರ್ಚಿಯ ತುದಿಗೆ ಸರಿದು ಕೂತಳು.

ಕ್ಯಾಪ್ಟನ್ ದನಿ ಏರಿಸುವ ಜಾತಿಯವನಲ್ಲ. ನಾಳೆ ಮಧ್ಯಾಹ್ನ ಕಡತ ಪ್ರಾಸಿಕ್ಯೂಷನ್‌ಗೆ ಹೋಗುತ್ತದೆ, ಅದರಲ್ಲಿ ಮಾಟದ ಆರೋಪವೂ ಇರುತ್ತದೆ, ಮೊದಲು ಜೈಲು, ಆಮೇಲೆ ಬೆರಳಚ್ಚು ತೆಗೆದು ಊರಿಗೆ. ಮತ್ತೆ ಜನ್ಮದಲ್ಲಿ ಗಲ್ಫಿಗೆ ಕಾಲಿಡುವಂತಿಲ್ಲ ಎಂದು ಮೆಲ್ಲಗೆ ತಿಳಿಸಿದ. ರೋಹಿದಾಸ ಅದನ್ನೂ ಹಾಗೆಯೇ ಹೇಳಿದ. ಹೇಳುವಾಗ ತನ್ನ ನಾಲಿಗೆಯೇ ಹೇಸಿತು.

“ರೋಹಿದಾಸಣ್ಣ, ನನಗೆ ಮಾಟ ಮಂತ್ರ ಎಂತದೂ ಗೊತ್ತಿಲ್ಲ. ಅಲ್ಲಾನ ಆಣೆ,” ಎಂದಳು ಅಲೀಮಮ್ಮ. “ಆದ್ರೆ ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಮಾತು ಕೊಟ್ಟು ಬಾಯಿ ಬಿಟ್ರೆ ನಾನು ಮನುಷ್ಯಳಾ? ಇದನ್ನೂ ಅವರಿಗೆ ಹೇಳಿ.”

ಅವನು ಹೇಳಿದ. ಕ್ಯಾಪ್ಟನ್ ಹಣೆ ಉಜ್ಜಿಕೊಂಡು, “ಬಾ ಅಬು ತಿಲಕ್, ಸ್ಥಳ ನೋಡಿ ಬರೋಣ” ಎಂದ.

ಸಭಾಂಗಣದ ನಡುವೆ ಮಂಡಿಯೆತ್ತರದ ಕಟ್ಟೆಯ ಮೇಲೆ ಆ ನೆಲವನ್ನು ಹಾಸಿದ್ದರು. ಸುತ್ತ ಬರೀ ಒಂದು ಹಗ್ಗ. ದ್ರಾಕ್ಷಿ ಬಳ್ಳಿ, ಬಳ್ಳಿಯ ಸುಳಿಗಳಲ್ಲಿ ಕೌಜುಗ, ಮೀನು, ಮೇಕೆಮರಿ. ನಡುವೆ ಸೊಂಟದ ಮೇಲೆ ನೀರಿನ ಕೊಡ ಹೊತ್ತ ಒಬ್ಬ ಹೆಂಗಸು. ಅವಳಿಗೆ ಮುಖವಿರಲಿಲ್ಲ. ಮುಖವಿರಬೇಕಾದ ಕಡೆ ಬಣ್ಣಬಣ್ಣದ ಕಲ್ಲುಗಳು ಕಲಸಿಹೋಗಿದ್ದವು.

“ಇದನ್ನೂ ಯಾರೋ ಹಾಳುಮಾಡಿದ್ದಾ?” ಕ್ಯಾಪ್ಟನ್ ಕೇಳಿದ.

“ಅದು ಎಂಟನೇ ಶತಮಾನದ್ದು, ನಿಮ್ಮ ಠಾಣೆಗೆ ಬರೋದಿಲ್ಲ,” ಎಂದಳು ರೀಮಾ, ಸುಸ್ತಾದ ನಗೆಯೊಂದಿಗೆ. “ಮನುಷ್ಯರ ಚಿತ್ರ ಬೇಡ ಎನ್ನುವ ಕಾಲ ಬಂತು. ಚರ್ಚಿನವರೇ ಕೂತು ಮುಖದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಅದೇ ಕಲ್ಲುಗಳನ್ನು ಅಲ್ಲೇ ಬೆರೆಸಿ ಕೂರಿಸಿದರು. ಒಂದನ್ನೂ ಎಸೆಯಲಿಲ್ಲ. ಮನಸ್ಸು ಬಂದಿರಲಿಕ್ಕಿಲ್ಲ.”

ಪಂಚನಾಮೆ ಬರೆಯುತ್ತಿದ್ದ ಪೇದೆ ಪೆನ್ನು ಹಿಡಿದು ಕಾದ. ರೀಮಾ ಉಳಿದ ಕತೆಯನ್ನೂ ಹೇಳಿದಳು. ಚರ್ಚು ಇದ್ದದ್ದು ಅವಳ ಊರಿನ ಗುಡ್ಡದ ಮೇಲೆ. ಆ ಚಿತ್ರದ ಹೆಂಗಸನ್ನು ಅರಬ್ಬಿಯಲ್ಲಿ ‘ಉಮ್ಮ್ ಅಲ್ ಜರ್ರಾ’ ಎನ್ನುತ್ತಾರೆ. ರೋಹಿದಾಸ ಮನಸ್ಸಿನಲ್ಲೇ ಕೊಡದಮ್ಮ ಎಂದುಕೊಂಡ. ಎಲ್ಲಿಂದಲೋ ಬಂದು ಆ ದಾರಿಯಲ್ಲಿ ನೆಲೆಸಿದ ಒಬ್ಬ ವಿಧವೆ ಒಂಟೆಸಾಲಿನ ವ್ಯಾಪಾರಿಗಳಿಗೆಲ್ಲ ನೀರು ಸೇದಿ ಕೊಡುತ್ತಿದ್ದಳಂತೆ. ಅವಳು ಸತ್ತ ಮೇಲೆ ಸಮಾಧಿಯಾಯಿತು, ಸಮಾಧಿಯ ಮೇಲೆ ಚರ್ಚಾಯಿತು. ಸುತ್ತಣ ದೇಶಗಳ ಯಾತ್ರಿಕರು ಬಂದರು. ಆಗೆಲ್ಲ ಈ ಕೊಲ್ಲಿಯ ದಡದಲ್ಲೂ ಕ್ರೈಸ್ತರಿದ್ದರು; ಫೈಲಕಾ ದ್ವೀಪದಲ್ಲಿ ಅಗೆದಾಗ ಅವರ ಚರ್ಚಿನ ಗೋಡೆಗಳು ಸಿಕ್ಕಿವೆಯಲ್ಲ, ಅಲ್ಲಿಂದಲೂ ಯಾರಾದರೂ ಬಂದಿರಬಹುದು ಎಂದಳು. ಆಮೇಲೆ ಭೂಕಂಪ. ಸೂರು ಕುಸಿಯಿತು, ಮೇಕೆ ಕಾಯುವವರು ಅದನ್ನೇ ದೊಡ್ಡಿ ಮಾಡಿಕೊಂಡರು.

“ಕಲ್ಲು ಹೋದದ್ದು ಎಲ್ಲಿಂದ?”

ರೀಮಾ ನೆಲದಲ್ಲಿ ಚರ್ಚಿನ ಬಾಗಿಲಿದ್ದ ಕಡೆಯ ಮೂಲೆ ತೋರಿಸಿದಳು. ಅಲ್ಲಿನ ಕಲ್ಲುಗಳು ಅಡ್ಡಾದಿಡ್ಡಿಯಾಗಿ, ಒಂದು ಎತ್ತರ ಒಂದು ತಗ್ಗಾಗಿ ಕೂತಿದ್ದವು. “ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಜನ ಇಲ್ಲಿಂದ ಒಂದು ಕಲ್ಲು ಕೇಳಿಕೊಂಡು ಹೋಗುತ್ತಿದ್ದರು. ವಾಸಿಯಾದ ಮೇಲೆ ತಾವೇ ತಂದು ಕೂರಿಸಬೇಕು. ಚರ್ಚು ಬಿದ್ದ ಮೇಲೂ ಪದ್ಧತಿ ಬೀಳಲಿಲ್ಲ. ಮೇಕೆಗೆ ಕಾಯಿಲೆಯಾದರೂ ಒಯ್ಯುತ್ತಿದ್ದರಂತೆ. ನಮ್ಮಜ್ಜಿಯ ಕಾಲಕ್ಕೆ ಅದು ನಿಂತಿತು.”

“ಇದನ್ನು ಬಂದವರಿಗೆಲ್ಲ ಹೇಳುತ್ತೀರಾ?”

“ದಿನಾ ಹೇಳುತ್ತೇವೆ.”

ಕ್ಯಾಪ್ಟನ್ ಒಂದು ನಿಟ್ಟುಸಿರು ಬಿಟ್ಟು ಗಂಟು ತೋರಿಸಲು ಹೇಳಿದ. ಗಾಜಿನ ತಟ್ಟೆಯಲ್ಲಿಟ್ಟು, ಯಾರೂ ಬರಿಗೈಯಲ್ಲಿ ಮುಟ್ಟದೆ, ಇಕ್ಕಳದಿಂದ ಬಿಚ್ಚಿದ್ದರು. ಅಂಗೈಯಗಲದ ಹಳದಿ ಬಟ್ಟೆ. ಒಳಗೆ ನಾಲ್ಕು ಅಕ್ಕಿಕಾಳು, ಒಂದು ಅರಿಶಿನದ ಕೊಂಬು, ಒಂದು ರೂಪಾಯಿಯ ನಾಣ್ಯ, ಕಿರುಬೆರಳಿನ ಉಗುರಿನಷ್ಟು ಏನೋ ಒಣಬೇರು.

ರೋಹಿದಾಸ ಬಗ್ಗಿ ನೋಡಿದ. ಇದನ್ನು ಅವನು ನೋಡಿದ್ದೇನು ಒಂದು ಸಲವಾ? ತಿಲಕನಿಗೆ ಟೈಫಾಯ್ಡ್ ಆದಾಗ ಪುಷ್ಪಾವತಿ ಕಟ್ಟಿ ದೇವರ ಕಪಾಟಿನಲ್ಲಿ ಇಟ್ಟಿರಲಿಲ್ಲವೇ? ಕಷ್ಟ ಬಂದಾಗ ದೇವರಿಗೆ ಹೇಳಿಕೊಂಡು, ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಎತ್ತಿಡುವುದು. ಮುಡಿಪು. ಮಾಟವೂ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ. ಹರಕೆಯ ಮುಡಿಪು!

ಬಾಯಿ ತೆರೆಯುವ ಮೊದಲು ಅವನು ತಡೆದುಕೊಂಡ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಹೇಳಿದರೆ ಪೊಲೀಸರು ನಮ್ಮವರ ಪೈಕಿಯೇ ಯಾರನ್ನೋ ಹುಡುಕಿ ಎಳೆದು ತರುತ್ತಾರೆ, ಅದಕ್ಕೆ ದಾರಿ ತೋರಿಸಿದವನು ತಾನಾಗುತ್ತೇನೆ. ಹೇಳದಿದ್ದರೆ? ಆ ಕಪ್ಪು ಶಾಲಿನ ಹೆಂಗಸು ತನ್ನದಲ್ಲದ ಮಾಟ ಹೊತ್ತು ಜೈಲಿಗೆ ಹೋಗುತ್ತಾಳೆ. ಎತ್ತ ಹೋದರೂ ಪಾಪ. ಛೆ, ಪೈಪಾಗಿ ಇದ್ದುಬಿಡುವುದು ಎಷ್ಟು ಸುಖವಿತ್ತು ಎನ್ನಿಸಿತು.

“ಕ್ಯಾಪ್ಟನ್,” ಎಂದ ಕೊನೆಗೆ. “ಇದು ಅವಳ ಮಾತಲ್ಲ. ನನ್ನ ಮಾತು.”

ಮಿಶಾರಿ ತಿರುಗಿದ. ಇಷ್ಟು ವರ್ಷದಲ್ಲಿ ಅಬು ತಿಲಕನ ಬಾಯಿಂದ ಅವನದೇ ಮಾತೊಂದನ್ನು ಕೇಳಿದ್ದು ಅದೇ ಮೊದಲು.

ರೋಹಿದಾಸ ಮುಡಿಪೆಂದರೇನೆಂದು ವಿವರಿಸಿದ. ಕೇಡು ಮಾಡಲು ಕಟ್ಟುವುದಲ್ಲ, ಬದುಕಿಸಿಕೊಡು ಎಂದು ಕಟ್ಟುವುದು. ಆಮೇಲೆ ಕೈಗವಸು ಹಾಕಿಕೊಂಡು ಆ ಬೇರನ್ನು ಎತ್ತಿ ಮೂಸಿದ. ಬಜೆ. ಊರಲ್ಲಿ ಹಸುಗೂಸಿಗೆ ತೇಯ್ದು ನೆಕ್ಕಿಸುತ್ತಾರೆ, ದಾರಕ್ಕೆ ಪೋಣಿಸಿ ಕೈಗೆ ಕಟ್ಟುತ್ತಾರೆ. ಬಟ್ಟೆಯೂ ಅಂಗಡಿಯದಲ್ಲ, ಒಗೆದೊಗೆದು ಮೆತ್ತಗಾದ ಹಳೆಯ ಪಂಚೆಯ ಹರಕು, ಮನೆಯಲ್ಲೇ ಅರಿಶಿನದ ನೀರಿಗೆ ಅದ್ದಿದ್ದು. ಅಂಥ ಹಳೇ ಪಂಚೆಯನ್ನು ವಿಮಾನ ಹತ್ತಿಸಿ ತರುವುದು ಬಾಣಂತನಕ್ಕೆ ಬರುವ ತಾಯಂದಿರು ಮಾತ್ರ.

“ಹುಟ್ಟಿದ ಮಗುವೊಂದುಂಟು,” ಎಂದ. “ಅದರ ಅಜ್ಜಿ ಊರಿಂದ ಬಂದಿದ್ದಾರೆ. ಬಜೆಯನ್ನು ಕೈಗೆ ಕಟ್ಟದೆ ಗಂಟಿಗೆ ಕಟ್ಟಿದ್ದಾರೆ ಅಂದ್ರೆ ಆ ಕೈಯನ್ನು ಮುಟ್ಟಲಿಕ್ಕೆ ಬಿಡ್ತಾ ಇಲ್ಲ.”

ಕ್ಯಾಪ್ಟನ್ ಕಿಟಕಿಯ ಹೊರಗೆ ನೋಡಿದ. ರಸ್ತೆಯ ಆಚೆ ಬದಿಗೆ ಹೆರಿಗೆ ಆಸ್ಪತ್ರೆಯ ಉದ್ದನೆಯ ಕಟ್ಟಡವಿತ್ತು.

ಮರುದಿನ ಬೆಳಿಗ್ಗೆ ಪ್ರವೇಶದ್ವಾರದ ಕ್ಯಾಮೆರಾ ನೋಡಿದರು. ಶನಿವಾರ ಸಂಜೆ ಬಂದುಹೋದವರಲ್ಲಿ ಒಬ್ಬರು ವಯಸ್ಸಾದ ಹೆಂಗಸು: ನೂಲಿನ ಸೀರೆ, ಮೇಲೆ ಗಂಡಸರ ಸ್ವೆಟರು, ಚಪ್ಪಲಿಗೆ ಕಾಲುಚೀಲ, ಕೈಯಲ್ಲಿ ಫ್ಲಾಸ್ಕಿನ ಚೀಲ. ಹಿಂದಿನ ದಿನಗಳಲ್ಲೂ ಅವರಿದ್ದರು; ಅಲೀಮಮ್ಮನ ಜೊತೆ ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದರು. ಚಿತ್ರವನ್ನು ದೊಡ್ಡದು ಮಾಡಿ ನೋಡಿದ ಕ್ಯಾಪ್ಟನ್ ಸ್ವೆಟರಿನ ಮೇಲೆ ಬೆರಳಿಟ್ಟ. ಆಸ್ಪತ್ರೆಯವರು ಸಂದರ್ಶಕರಿಗೆ ಅಂಟಿಸುವ ಹಸಿರು ಚೀಟಿ ಅಲ್ಲಿತ್ತು.

“ಹಸಿರು ಅಂದರೆ ತೀವ್ರ ನಿಗಾ. ಹಸುಗೂಸುಗಳದ್ದು,” ಎಂದ. “ನನ್ನ ತಂಗಿಯ ಮಗು ಅಲ್ಲಿತ್ತು.”

“ಈಗ ಹೇಗುಂಟು?”

“ಶಾಲೆಗೆ ಹೋಗುತ್ತೆ. ಗೂಂಡಾ. ಯಲ್ಲಾ, ನಡಿ.”

ಹತ್ತೂಕಾಲಕ್ಕೆ ಅವರು ಮೂರನೇ ಮಹಡಿಯಲ್ಲಿದ್ದರು. ಕಾಯುವ ಕುರ್ಚಿಗಳ ಸಾಲಿನ ಕೊನೆಯಲ್ಲಿ ಆ ಸ್ವೆಟರಿನ ಅಜ್ಜಿ ಕಣ್ಣುಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಬೂಟಿನ ಸದ್ದಿಗೆ ಕಣ್ಣು ತೆರೆದರು. ಸಮವಸ್ತ್ರ ನೋಡಿ ಎದ್ದು ನಿಂತರು.

“ಕಲ್ಲಿಗೆ ಬಂದ್ರಾ?” ಎಂದರು.

ರೋಹಿದಾಸ ತಲೆಯಾಡಿಸಿದ. “ಹೌದಮ್ಮ,” ಎಂದ.

“ಅಯ್ಯೋ ಸದ್ಯ, ಕನ್ನಡದೋರು. ಕೂತ್ಕೊಳ್ಳಿ. ನಾನು ಅನಸೂಯಮ್ಮ, ಚಾಮರಾಜನಗರ. ಅಳಿಯ ಮೋಹಿತ್ ಮೀನಾ ಅಲ್ ಅಹ್ಮದಿ ರಿಫೈನರೀಲಿ ಎಂಜಿನಿಯರ್. ಮಗಳು ಒಳಗಿದಾಳೆ. ಅವಳಿಗೇನೂ ಗೊತ್ತಿಲ್ಲ, ಅವಳನ್ನ ಮಾತಾಡಿಸ್ಬೇಡಿ.”

“ಕಲ್ಲು ತೆಗೆದದ್ದು ನೀವೇನಾ ಅಂತ ಕೇಳ್ತಿದ್ದಾರೆ.”

“ನಾನೇ.”

“ಗಂಟು?”

“ಅದೂ ನಾನೇ. ಸುಮ್ನೆ ಎತ್ಕೊಂಡ್ರೆ ಕಳ್ತನ ಆಗಲ್ವೇನಪ್ಪ? ಅದಕ್ಕೆ ಮುಡಿಪಿಟ್ಟು ತಂದೆ. ಮಗು ಹುಷಾರಾಗ್ತಿದ್ದಂಗೆ ಕಲ್ಲು ಅಲ್ಲಿಟ್ಟು ಮುಡಿಪು ಬಿಚ್ಚೋದು ಅಂತ.”

ರೋಹಿದಾಸ ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಕಳ್ಳತನವಾಗಬಾರದೆಂದು ಇಟ್ಟ ಗಂಟೇ ಮಾಟವಾಗಿ ಇನ್ನೊಬ್ಬರ ಕುತ್ತಿಗೆಗೆ ಬಂದಿತ್ತು. ನಮ್ಮವರ ಬುದ್ಧಿಯೇ ಇಷ್ಟು: ದೇವರ ಹತ್ತಿರ ಲೆಕ್ಕ ಚುಕ್ತಾ ಇದ್ದರೆ ಸರ್ಕಾರದ್ದೂ ಚುಕ್ತಾ ಎಂದುಕೊಂಡುಬಿಡುವುದು. ಅವನು ಒಂದಕ್ಷರ ಬಿಡದೆ ಅರಬ್ಬಿಗೆ ದಾಟಿಸಿದ. ಕ್ಯಾಪ್ಟನ್ ಕೇಳಿಸಿಕೊಂಡು, ಅಲೀಮಮ್ಮ ನಿನ್ನೆಯಿಂದ ಲಾಕಪ್ಪಿನಲ್ಲಿರುವುದನ್ನು ತಿಳಿಸಲು ಹೇಳಿದ.

ಅನಸೂಯಮ್ಮ ರೋಹಿದಾಸನ ತೋಳು ಹಿಡಿದರು. “ಅವರನ್ಯಾಕೆ? ಅವರು ಏನ್ಮಾಡಿದ್ರು? ನಾನು ಅಳ್ತಾ ಕೂತಿದ್ದೆ, ಈ ಚರ್ಚಿನ ಕತೆ ಹೇಳಿ ಸಮಾಧಾನ ಮಾಡಿದ್ರು. ಒಂದು ಕಲ್ಲು ತಗೊಳ್ಲಾ ಅಂದೆ. ‘ನಾನು ನೋಡ್ಲಿಲ್ಲ ಅಮ್ಮ’ ಅಂತ ಗೋಡೆ ಕಡೆ ತಿರುಗಿದ್ರು, ಅಷ್ಟೇ. ಯಾರಿಗೂ ಹೇಳ್ಬೇಡಿ ಅಂತ ನಾನೇ ಕೈ ಹಿಡ್ಕೊಂಡು ಮಾತು ತಗೊಂಡಿದ್ದೆ. ಅಯ್ಯೋ ರಂಗಪ್ಪಾ! ನಡೀರಿ, ಮೊದ್ಲು ಅವರನ್ನ ಬಿಡ್ಸಿ. ನಾನು ಬರ್ತೀನಿ.” ಫ್ಲಾಸ್ಕಿನ ಚೀಲ ಕುರ್ಚಿಯ ಮೇಲೆ ಬಿಟ್ಟು ಹೊರಟೇಬಿಟ್ಟರು.

“ಕಲ್ಲೆಲ್ಲಿ?” ಎಂದ ಕ್ಯಾಪ್ಟನ್.

ಅನಸೂಯಮ್ಮ ನಿಂತರು. ಗಾಜಿನ ಕಡೆ ತಿರುಗಿದರು. “ಅದು ಮಗು ಹತ್ರ ಇದೆ.”

ಗಾಜಿನ ಹಿಂದೆ ಪೆಟ್ಟಿಗೆಗಳ ಸಾಲು. ಅದರಲ್ಲೊಂದರಲ್ಲಿ, ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಮಗು ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿತ್ತು. ಪಕ್ಕದ ಸ್ಟೂಲಿನ ಮೇಲೆ ತಾಯಿ ಶ್ರಾವಣಿ, ಗಾಜಿಗೆ ಹಣೆ ಆನಿಸಿ ಕೂತಿದ್ದಳು. ಪೆಟ್ಟಿಗೆಯ ಹೊರಮೈಗೆ ಪುಟ್ಟ ಪ್ಲಾಸ್ಟಿಕ್ ಚೀಲವೊಂದನ್ನು ಅಂಟಿಸಿತ್ತು. ಅದರಲ್ಲಿ ಕೆಂಪು ಕಲ್ಲೊಂದು. ಅಂಟಿಸಿದವಳು ನರ್ಸ್ ಮೆಲಿಶಾ, ಶಿರ್ವದ ಹುಡುಗಿ. ಹೊರಗೆ ಬಂದವಳು ಸಮವಸ್ತ್ರ ನೋಡಿ ರೋಹಿದಾಸನ ಕಡೆ ತಿರುಗಿದಳು.

“ಅಂಕಲ್, ಊರಿನ ದೇವಸ್ಥಾನದ ಕಲ್ಲು ಅಂತ ನಾನು ಅಂದ್ಕೊಂಡದ್ದು. ಒಳಗೆ ಇಡ್ಲಿಕ್ಕೆ ಬಿಡುದಿಲ್ಲ ಅಂತ ತೊಳೆದು ಹೊರಗೆ ಅಂಟಿಸಿದೆ. ಎಲ್ಲರ ಪೆಟ್ಟಿಗೆಯಲ್ಲೂ ಏನಾದ್ರೂ ಉಂಟು ಅಂಕಲ್. ಒಬ್ಬರದ್ದು ಜಪಸರ, ಒಬ್ಬರದ್ದು ಕುರ್‌ಆನಿನ ಆಯತ್ತು.”

ಕ್ಯಾಪ್ಟನ್ ಆ ಕಲ್ಲನ್ನು ಜಪ್ತಿ ಮಾಡಲೇಬೇಕಿತ್ತು. ಕಾನೂನೆಂದರೆ ಕಾನೂನು. ಅದನ್ನು ಅನಸೂಯಮ್ಮನಿಗೆ ಹೇಳೆಂದ. ರೋಹಿದಾಸ ಹೇಳಿದ.

“ನನ್ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಳಿ,” ಎಂದರು ಅನಸೂಯಮ್ಮ. ಕೈ ಮುಗಿದಿರಲಿಲ್ಲ, ಆದರೆ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. “ಕಲ್ಲು ಮಾತ್ರ ಅವಳು ತಾನಾಗೇ ಉಸಿರಾಡೋವರ್ಗೂ ಇರ್ಲಿ. ಅರ್ಧದಲ್ಲಿ ಕಿತ್ಕೊಂಡ್ರೆ ಹೇಗಪ್ಪ? ನೀನೇ ಹೇಳು. ಇವರಿಗೂ ಮಕ್ಳಿರ್ಬೇಕಲ್ಲ?”

ಕ್ಯಾಪ್ಟನ್ ಮಿಶಾರಿ ಆಚೆ ಹೋಗಿ ಫೋನು ಮಾಡಿದ. ರಸ್ತೆ ದಾಟಿ ಬರಲು ರೀಮಾಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಜಿನ ಮುಂದೆ ನಿಂತು ಅವಳು ಮೊದಲು ಕಲ್ಲನ್ನು ನೋಡಿದಳು, ಆಮೇಲೆ ಮಗುವನ್ನು.

“ನಾನು ಹತ್ತು ವರ್ಷದಿಂದ ಆ ಪದ್ಧತಿಯ ಬಗ್ಗೆ ಭಾಷಣ ಮಾಡ್ತಿದ್ದೇನೆ,” ಎಂದಳು. “ಯಾರೂ ಕೇಳಿಸಿಕೊಂಡಿರಲಿಲ್ಲ. ಪ್ರದರ್ಶನ ಮಾರ್ಚ್ ಕೊನೆಯವರೆಗೆ ಉಂಟು. ಅಲ್ಲಿಯವರೆಗೆ ಕಲ್ಲು ಇಲ್ಲೇ ಇರಲಿ. ಏನು ಬರೆದುಕೊಡಬೇಕೋ ಬರೆದುಕೊಡುತ್ತೇನೆ.”

ಕ್ಯಾಪ್ಟನ್ ಜಪ್ತಿ ಪಂಚನಾಮೆಯನ್ನು ಅಲ್ಲೇ ನರ್ಸುಗಳ ಮೇಜಿನ ಮೇಲೆ ಬರೆಸಿದ. ಮಾಲು: ಕೆಂಪು ಸುಣ್ಣಕಲ್ಲು, ಒಂದು. ದೊರೆತ ಸ್ಥಳ: ಆಸ್ಪತ್ರೆಯ ಮೂರನೇ ಮಹಡಿ. ಮಾಲೀಕರ ಒಪ್ಪಿಗೆಯ ಮೇರೆಗೆ ಸದ್ಯ ಅದೇ ಸ್ಥಳದಲ್ಲಿ, ನರ್ಸ್ ಮೆಲಿಶಾಳ ಜವಾಬ್ದಾರಿಯಲ್ಲಿ. ಮೆಲಿಶಾ ಸಹಿ ಹಾಕಿ ಶಿಲುಬೆಯ ಗುರುತು ಮಾಡಿಕೊಂಡಳು. ಹನ್ನೊಂದೂವರೆಗೆ ಅನಸೂಯಮ್ಮನನ್ನು ಬಂಧಿಸಲಾಯಿತು. ಕೈಕೋಳ ಹಾಕಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚುವಾಗ ಶ್ರಾವಣಿ ಓಡಿಬಂದು, “ಅಮ್ಮಾ! ವಾಟ್ ಹ್ಯಾಪನ್ಡ್? ಅಂಕಲ್, ನಮ್ಮಮ್ಮನ್ನ ಎಲ್ಲಿಗೆ ಕರ್ಕೊಂಡೋಗ್ತಿದೀರಾ?” ಎಂದು ಕೂಗಿದಳು. “ಹಾಲು ಕೊಡೋ ಹೊತ್ತಾಯ್ತು, ಒಳಗೆ ಹೋಗೇ,” ಎಂದು ಅನಸೂಯಮ್ಮ ಗದರಿದರು.

ಠಾಣೆಯಲ್ಲಿ ಅಲೀಮಮ್ಮನ ಬಿಡುಗಡೆಯ ಕಾಗದಕ್ಕೆ ಮೊಹರು ಬಿತ್ತು. ಅವಳು ಹೊರಡಬೇಕಲ್ಲ? ಇಲ್ಲ. ಅನಸೂಯಮ್ಮನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು. “ಅವರಿಗೆ ಇಲ್ಲಿ ಯಾರ ಗುರ್ತ ಉಂಟು ಪಾಪ,” ಎಂದಳು.

“ನನ್ನಿಂದ ನಿಮ್ಗೆ ಎಂಥಾ ಗತಿ ಬಂತು ನೋಡಿ,” ಎಂದು ಅನಸೂಯಮ್ಮ ಅವಳ ಕೈ ಹಿಡಿದುಕೊಂಡರು.

“ಬಿಡಿ ಅಮ್ಮ. ಎರಡು ದಿನ ಕಸ ಗುಡಿಸುದು ತಪ್ಪಿತು.”

ಹೇಳಿಕೆ ಬರೆದುಕೊಳ್ಳುವಾಗ ಕ್ಯಾಪ್ಟನ್ ಕೇಳಿದ: “ನಿಮ್ಮ ಧರ್ಮದ್ದಲ್ಲದ ಚರ್ಚು. ನಿಮ್ಮದಲ್ಲದ ಸಂತಳು. ಅಲ್ಲಿಂದ ಯಾಕೆ ತೆಗೆದುಕೊಂಡಿರಿ?”

“ನಮ್ಮ ಮನೆದೇವ್ರು ಬಿಳಿಗಿರಿರಂಗ. ಕಷ್ಟ ಬಂದ್ರೆ ಬೆಟ್ಟ ಹತ್ತಿ ಜಗಳ ಆಡ್ಬಹುದು. ಇಲ್ಲಿ ನಂಗೆ ಯಾವ ಬೆಟ್ಟ ಇದೆ? ದೇವ್ರು ಎಲ್ಲಾ ಕಡೆ ಇದಾನೆ ಅಂತೀರಿ. ಇರ್ಬಹುದು. ಆದ್ರೆ ಗುರ್ತದೋರು ಬೇಕಲ್ಲಪ್ಪ ಕೇಳೋದಕ್ಕೆ? ರಾತ್ರಿ ಡಾಕ್ಟ್ರು ಏನೋ ಇಂಗ್ಲಿಷಲ್ಲಿ ಹೇಳಿದ್ರು, ಅಳಿಯ ತಲೆ ತಗ್ಗಿಸ್ದ. ಮರುದಿನ ಅಲೀಮಮ್ಮ ಈ ಕತೆ ಹೇಳಿದ್ರು. ಊರು ಬಿಟ್ಟು ಬಂದೋಳು, ಯಾರು ಎತ್ತ ಅಂತ ಕೇಳ್ದೆ ನೀರು ಕೊಟ್ಟೋಳು ಅಂದ್ರು. ಮುಖಾನೂ ಇಲ್ಲ ಅವಳಿಗೆ. ಯಾರ ಮುಖ ಬೇಕಾದ್ರೂ ಇಟ್ಟು ನೋಡ್ಬಹುದಿತ್ತು. ನಾನು ನಮ್ಮಮ್ಮನ ಮುಖ ಇಟ್ಟು ಕೇಳ್ದೆ.”

“ಮಾಡಿದ್ದಕ್ಕೆ ಪಶ್ಚಾತ್ತಾಪ ಉಂಟಾ?”

ಅನಸೂಯಮ್ಮ ಯೋಚಿಸಿದರು. “ಅಲೀಮಮ್ಮನ ವಿಷಯಕ್ಕೆ ಉಂಟು. ಕಲ್ಲಿನ ವಿಷಯಕ್ಕೆ ಇಲ್ಲ. ಹಾಗೇ ಬರ್ಕೊಳ್ಳಿ.”

ಸ್ವಲ್ಪ ಮೆತ್ತಗೆ ಮಾಡಿ ದಾಟಿಸಲೇ ಎಂದು ರೋಹಿದಾಸನ ಮನಸ್ಸು ಒಂದು ಗಳಿಗೆ ಹೊಯ್ದಾಡಿತು. ಆಮೇಲೆ ಹಾಗೇ ದಾಟಿಸಿದ. ಕ್ಯಾಪ್ಟನ್ ಹಾಗೇ ಬರೆದುಕೊಂಡ.

ರೀಮಾ ದೂರು ಹಿಂದಕ್ಕೆ ಪಡೆದಳು. ಮಾಟದ ಆರೋಪ ಬಿದ್ದುಹೋಯಿತು. ಮೋಹಿತ್ ಜಾಮೀನು ನಿಂತು ಅತ್ತೆಯನ್ನು ಮನೆಗೆ ಕರೆದೊಯ್ದ. ಮೇಲಧಿಕಾರಿಗಳಿಂದ ಬುಧವಾರ ತೀರ್ಮಾನ ಬಂತು: ಪ್ರಕರಣ ಮುಕ್ತಾಯ, ಆದರೆ ಖದಿಯಾ ಬಿದ್ದವರಿಗೆ ವಿಸಿಟ್ ವೀಸಾ ಮುಂದುವರಿಸುವಂತಿಲ್ಲ. ಗುರುವಾರ ಸಂಜೆಯ ವಿಮಾನಕ್ಕೆ ಹೊರಡಬೇಕು, ಠಾಣೆಯವರೇ ಹತ್ತಿಸಬೇಕು. ಕ್ಯಾಪ್ಟನ್ ಎರಡು ಸಲ ಮೇಲಕ್ಕೆ ಫೋನು ಮಾಡಿ ಕೇಳಿದ. ಎರಡು ಸಲವೂ ಅದೇ ಉತ್ತರ.

ಗುರುವಾರ ಮಧ್ಯಾಹ್ನ ಠಾಣೆಯ ಕಾರು ಏರ್‌ಪೋರ್ಟಿನ ಕಡೆ ತಿರುಗುವ ಬದಲು ಆಸ್ಪತ್ರೆಯ ಕಡೆ ತಿರುಗಿತು. ಡ್ರೈವರನ ಪಕ್ಕ ಕ್ಯಾಪ್ಟನ್ ಕೂತಿದ್ದ, ಹಿಂದೆ ಅನಸೂಯಮ್ಮ ಮತ್ತು ರೋಹಿದಾಸ.

ಮೂರನೇ ಮಹಡಿಯಲ್ಲಿ ಮೆಲಿಶಾ ಕಾಯುತ್ತಿದ್ದಳು. ಬೆಳಿಗ್ಗೆ ದೊಡ್ಡ ಕೊಳವೆ ತೆಗೆದಿದ್ದರು. ಮಗು ತಾನಾಗಿ ಉಸಿರಾಡುತ್ತಿತ್ತು. ಇನ್ನೂ ವಾರಗಟ್ಟಲೆ ನಿಗಾ ಬೇಕು, ಆದರೆ ಉಸಿರು ಅದರದೇ. ಇವತ್ತು ಮೊದಲ ಸಲ ಪೆಟ್ಟಿಗೆಯಿಂದ ಹೊರತೆಗೆದು ಎದೆಗವುಚಿಕೊಳ್ಳಲು ಡಾಕ್ಟರು ಒಪ್ಪಿದ್ದರು. ಸ್ವಲ್ಪ ಹೊತ್ತು, ಒಬ್ಬರು ಮಾತ್ರ. ಶ್ರಾವಣಿ ಅದನ್ನು ಅಮ್ಮನಿಗೆ ಬಿಟ್ಟುಕೊಟ್ಟಿದ್ದಳು.

“ಆಂಟಿ, ಬನ್ನಿ. ಕೈ ತೊಳೆದು ಗೌನ್ ಹಾಕಿ,” ಎಂದಳು ಮೆಲಿಶಾ.

ಅನಸೂಯಮ್ಮ ಕೈ ತೊಳೆದರು. ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದರು. ಗೌನು ಕೈಗೆ ತೆಗೆದುಕೊಂಡು ಗಾಜಿನಾಚೆ ನಿಂತ ಮಗಳನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಗೌನನ್ನು ಶ್ರಾವಣಿಯ ತೋಳಿಗೆ ತಾವೇ ತೊಡಿಸಿ, ಹಿಂದಿನ ಲಾಡಿ ಕಟ್ಟಿ, ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಹೊರಗೆ ಬಂದುಬಿಟ್ಟರು. ಮೆಲಿಶಾ ಮಗುವನ್ನು ಎತ್ತಿ ತಾಯಿಯ ಎದೆಯ ಮೇಲಿಟ್ಟಳು. ಶ್ರಾವಣಿ ಬಾಗಿ ಅದರ ನೆತ್ತಿಗೆ ಕೆನ್ನೆ ಆನಿಸಿದಳು.

ರೋಹಿದಾಸನಿಗೆ ತಡೆಯಲಾಗಲಿಲ್ಲ. “ಎಂತಮ್ಮ ನೀವು? ನಿಮಗೆ ಇನ್ನು ಯಾವಾಗ ಸಿಗ್ತದೆ? ಒಂದು ಸಲ ಎತ್ತಿಕೊಳ್ಳಬಾರದಿತ್ತಾ?”

“ನಾನು ಕೇಳಿದ್ದು ಮಗು ಬದುಕ್ಲಿ ಅಂತ,” ಎಂದರು ಅನಸೂಯಮ್ಮ, ಗಾಜಿನಿಂದ ಕಣ್ಣು ತೆಗೆಯದೆ. “ನಾನೇ ಎತ್ಕೊಳ್ಬೇಕು ಅಂತ ಕೇಳಿರ್ಲಿಲ್ವಲ್ಲಪ್ಪ.”

ಅಲೀಮಮ್ಮನಿಗೆ ಒಂದು ಮಾತು ಹೇಳೆಂದರು: ಕಲ್ಲನ್ನು ಅವರೇ ಅಲ್ಲಿಟ್ಟು ಮುಡಿಪು ತೀರಿಸಲಿ, ತಾನಿಟ್ಟ ಹಾಗೇ ಆಯಿತು. ಹೇಳುತ್ತೇನೆ ಎಂದ ರೋಹಿದಾಸ. ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕಿದ, ಸಿಗಲಿಲ್ಲ.

“ಏನಂದರು?” ಕ್ಯಾಪ್ಟನ್ ಕೇಳಿದ.

ರೋಹಿದಾಸ ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಅರಬ್ಬಿಯಲ್ಲಿ ಹೇಳಿದ. ಏರ್‌ಪೋರ್ಟಿಗೆ ಹೊರಡುವ ಹೊತ್ತು ಮೀರುತ್ತಿತ್ತು. ಕ್ಯಾಪ್ಟನ್ ಮಿಶಾರಿ ಡ್ರೈವರನಿಗೆ ಫೋನು ಮಾಡಿ ಗಾಡಿ ಆಫ್ ಮಾಡಲು ಹೇಳಿದ. ಮೂವರೂ ಗಾಜಿನ ಮುಂದೆ ನಿಂತು, ಶ್ರಾವಣಿ ಮಗುವನ್ನು ಮತ್ತೆ ಮಲಗಿಸುವವರೆಗೂ ಕಾದರು.